ಬೀಗದ ಕೈ ಮತ್ತು ಬಿಳಿ ಕೋಟು

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯಲ್ಲಿ ಕಾಳಿಯ ಗರ್ಭಗುಡಿಯನ್ನು ಬೇತಾಳಗಳು ಕಾಯುತ್ತವೆ. 12ನೇ ಶತಮಾನದ ಶಿಲ್ಪಿಗಳು ಭಯಕ್ಕೆ ಎಲುಬು, ಹಲ್ಲು ಕೊಟ್ಟು ಕಲ್ಲಿನಲ್ಲಿ ನಿಲ್ಲಿಸಿದರು. ಮೂರ್ಛೆರೋಗದ ಬಗ್ಗೆ ನಮಗಿರುವ ಭಯಕ್ಕೆ ಹಾಗೆ ಆಕಾರವಿಲ್ಲ. ಓದಿದವರೊಳಗೂ ಅದು ಸದ್ದಿಲ್ಲದೆ ಉಳಿದುಬಿಡುತ್ತದೆ.

ಹಾಸನದಲ್ಲಿ ನರ್ಸಿಂಗನ್ನೋ ವೈದ್ಯಕೀಯವನ್ನೋ ಓದುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಮಿದುಳಿನ ನರಕೋಶಗಳಲ್ಲಿ ವಿದ್ಯುತ್ ಚಟುವಟಿಕೆ ಏರುಪೇರಾದಾಗ ಫಿಟ್ಸ್ ಬರುತ್ತದೆ, ಇದು ಅಂಟುರೋಗವಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಬಿದ್ದು ಒದ್ದಾಡುವಾಗ, ಸುತ್ತ ನೆರೆದವರು ಕೈಗೆ ಬೀಗದ ಕೈ ತುರುಕಿದರೆ ಅವಳು ಏನು ಮಾಡಬೇಕು? ಸುಮ್ಮನಿದ್ದರೆ, ಅವಳಿಗೆ ವಿಷಯ ತಿಳಿದಿದೆ ಎನ್ನಬಹುದೇ?

ಅವಳ ಸಂಕಟಕ್ಕೆ ಕಾರಣವಿದೆ. ಸಾಮಾನ್ಯವಾಗಿ ಫಿಟ್ಸ್ ಎರಡು-ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಅಷ್ಟರಲ್ಲಿ ಕೈಯಲ್ಲಿ ಕಬ್ಬಿಣವಿರುತ್ತದೆ. ನಿಂತದ್ದರ ಕೀರ್ತಿ ಕಬ್ಬಿಣಕ್ಕೆ ಸಲ್ಲುತ್ತದೆ. ಅಜ್ಜಿ ಹೇಳುವುದು ಸುಳ್ಳಲ್ಲ, ಅವಳು ಕಣ್ಣಾರೆ ಕಂಡದ್ದು. 'ಅದು ಮೂಢನಂಬಿಕೆ' ಎಂದಷ್ಟೇ ಕಲಿಸಿದ ಪಾಠ ಆ ಕಣ್ಣಿನ ಸಾಕ್ಷಿಯ ಎದುರು ಸೋಲುತ್ತದೆ. ಸುಳ್ಳು ಯಾಕೆ ನಿಜದಂತೆ ಕಾಣುತ್ತದೆ ಎಂದು ವಿವರಿಸಬಲ್ಲವರು ಮಾತ್ರ ಅಜ್ಜಿಯನ್ನು ಅವಮಾನಿಸದೆ ಅವಳ ಜೊತೆ ಮಾತಾಡಬಲ್ಲರು.

ಇದು ಎಲ್ಲೋ ಅಪರೂಪಕ್ಕೆ ಎದುರಾಗುವ ಪ್ರಶ್ನೆಯಲ್ಲ. ಬೆಂಗಳೂರು ನಗರ ಮತ್ತು ಗ್ರಾಮಾಂತರದ ಒಂದು ಲಕ್ಷಕ್ಕೂ ಹೆಚ್ಚು ಜನರ ನಡುವೆ ನಿಮ್ಹಾನ್ಸ್ ತಜ್ಞರು ನಡೆಸಿ, 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ ಸುಮಾರು 9 ಜನರಿಗೆ ಅಪಸ್ಮಾರವಿತ್ತು. ಹಳ್ಳಿಗಳಲ್ಲಿ ಅದರ ಪ್ರಮಾಣ ನಗರದ ದುಪ್ಪಟ್ಟು.

ಇನ್ನೂ ಕಷ್ಟದ ಪರೀಕ್ಷೆ ಮದುವೆಯದು. 1999ರ ತಿದ್ದುಪಡಿಯವರೆಗೆ ಹಿಂದೂ ವಿವಾಹ ಕಾಯ್ದೆಯೇ ಪದೇಪದೇ ಮೂರ್ಛೆ ಬರುವವರನ್ನು ಮದುವೆಗೆ ಅನರ್ಹರೆಂದು ಎಣಿಸುತ್ತಿತ್ತು. ಕಾಯ್ದೆ ಬದಲಾಯಿತು, ಹೆಣ್ಣು ನೋಡುವ ಶಾಸ್ತ್ರ ಬದಲಾಗಲಿಲ್ಲ. ಮಾತ್ರೆಯನ್ನು ಬಚ್ಚಿಟ್ಟು ನುಂಗುವ ಹೆಣ್ಣುಮಕ್ಕಳಿದ್ದಾರೆ. ರೋಗ ಮುಚ್ಚಿಡುವುದು ತಪ್ಪು ಎನ್ನುತ್ತೇವೆ. ಹೇಳಿದವರಿಗೆ ಶಿಕ್ಷೆ ಕೊಡುವ ಊರಿನಲ್ಲಿ, ಮುಚ್ಚಿಟ್ಟವರನ್ನು ಮಾತ್ರ ದೂರುವುದು ಅರ್ಧ ನ್ಯಾಯ.

ಸಮಾಜದ ಭಯವನ್ನೇ ಉಂಡು ಬೆಳೆದ ವಿದ್ಯಾರ್ಥಿಗಳನ್ನು ಯಾಕೆ ದೂರಬೇಕು ಎಂದು ಕೇಳಬಹುದು. ಭಯ ಬಂದದ್ದಕ್ಕೆ ಅವರು ಹೊಣೆಯಲ್ಲ. ಆದರೆ ಬಿಳಿ ಕೋಟು ತೊಟ್ಟವರ ಮಾತನ್ನು ಊರು ನಂಬುತ್ತದೆ. ಅವರ ಮೌನವನ್ನೂ ಒಪ್ಪಿಗೆಯೆಂದೇ ನಂಬುತ್ತದೆ. ಹಾಗಾಗಿ ಅವರ ಮೌನದ ತೂಕ ನಮ್ಮದಕ್ಕಿಂತ ಹೆಚ್ಚು.

ಬಿದ್ದವರನ್ನು ಮಗ್ಗುಲಿಗೆ ಹೊರಳಿಸುವುದು, ಬಾಯಿಗೆ ಏನೂ ತುರುಕದಿರುವುದು, ಗಡಿಯಾರ ನೋಡುವುದು, 5 ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯುವುದು: ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಎದ್ದ ಮೇಲೆ ಆ ವ್ಯಕ್ತಿ ಮೊದಲು ನೋಡುವುದು ಸುತ್ತಲಿನ ಮುಖಗಳನ್ನು. ಅವುಗಳಲ್ಲಿ ಒಂದಾದರೂ ಹೆದರದ ಮುಖವಿರಬೇಕು. ಅದನ್ನು ರೂಪಿಸುವುದೂ ವೈದ್ಯಶಿಕ್ಷಣದ ಕೆಲಸವೇ.