ಹೆಣ್ಣಿಗೆ ಡಿಮ್ಯಾಂಡು

ಮಂಡ್ಯ ಸೀಮೆಯ ಯಾವ ಮದುವೆಯಲ್ಲಿ ಊಟಕ್ಕೆ ಕೂತರೂ ಪಕ್ಕದ ಎಲೆಯಿಂದ ಈ ಮಾತು ಕಿವಿಗೆ ಬೀಳುತ್ತದೆ: ‘ಹೆಣ್ಣಿಗೆ ಭಾರಿ ಡಿಮ್ಯಾಂಡು ಕಣಪ್ಪ.’ ಸುಳ್ಳಲ್ಲ. 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರು ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟರು. ಹೆಣ್ಣು ಸಿಗಲಪ್ಪಾ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದರು. ಅದೇ ವರ್ಷದ ನವೆಂಬರಿನಲ್ಲಿ, ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಬೇಯುವ ಜಾಗ ಅದು. ಎರಡು ಸುದ್ದಿಗಳ ನಡುವೆ, ಲೆಕ್ಕ ಹಾಕಿದರೆ, ಒಂಬತ್ತೇ ತಿಂಗಳು.

ಡಿಮ್ಯಾಂಡು ಅನ್ನುವುದು ಸಂತೆಯ ಮಾತು. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಬೇಸಿಗೆಗೆ ರೇಟು ಏರುತ್ತದೆ, ಮಳೆ ಹಿಡಿದರೆ ಇಳಿಯುತ್ತದೆ. ಅದರಲ್ಲಿ ಎಳನೀರಿನ ಹೆಚ್ಚುಗಾರಿಕೆ ಏನೂ ಇಲ್ಲ. ಹೆಣ್ಣು ಅಪರೂಪವಾದಳೆಂದು ರೇಟು ಏರಿಸಿದವರೂ ನೋಡುವುದಕ್ಕೆ ಬರುವಾಗ ಬಣ್ಣ ಅಳೆಯುವ ಹಳೇ ಕಣ್ಣನ್ನೇ ತರುತ್ತಾರೆ. ಫೇರ್ ಅಂಡ್ ಲವ್ಲಿ ಕ್ರೀಮು ಕೂಡ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ತೆಗೆದುಹಾಕಿತು. ನಮ್ಮ ದೊಡ್ಡಮ್ಮ, ಅತ್ತೆಯರ ನಾಲಿಗೆಯಿಂದ ಅದು ಇನ್ನೂ ಹೋಗಿಲ್ಲ.

ಮಳವಳ್ಳಿ ಕಡೆಯ ನಮ್ಮ ನೆಂಟರ ಹುಡುಗಿಯೊಬ್ಬಳು ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಾಳೆ. ಗಂಡಿನ ಕಡೆಯವರು ಫೋನು ಮಾಡಿ, ‘ಬಣ್ಣ ಸ್ವಲ್ಪ ಕಮ್ಮಿಯಂತೆ, ಯಾವುದಕ್ಕೂ ಒಂದು ಒಳ್ಳೇ ಫೋಟೊ ಕಳ್ಸಿ’ ಅಂದರು. ಸ್ಟುಡಿಯೊಗೆ ಹೋಗೋಣ ಬಾ ಎಂದು ಅವಳವ್ವ ಹಟ ಹಿಡಿದಳು. ‘ನೋಡ್ಬೇಕು ಅಂದ್ರೆ ಬೆಳಗ್ಗೆ ಆರ್ ಗಂಟೆಗೆ ಡೈರಿ ತಾವ್ಕೇ ಬರ್ಲಿ ಕಣವ್ವ’ ಅಂದಳಂತೆ ಹುಡುಗಿ. ಅವರು ಬರಲಿಲ್ಲ. ಊರಿಗೆ ಹೋಗಿದ್ದ ನಾನು ಹೋದೆ.

ಕ್ಯಾನು, ಚೊಂಬು, ತೂಕಡಿಸುವ ಮುಖಗಳ ಸಾಲು. ಅವಳು ಒಂದೊಂದು ಪಾತ್ರೆಯ ಹಾಲನ್ನೂ ಕಲಕಿ, ಅಳತೆಗೆ ತೆಗೆದು, ಲ್ಯಾಕ್ಟೋಮೀಟರ್ ಬಿಟ್ಟು, ಅದು ತೇಲಿ ನಿಲ್ಲುವ ತನಕ ಬಗ್ಗಿ ಕಣ್ಣು ನೆಟ್ಟು ನೋಡುತ್ತಿದ್ದಳು. ಮುಂಗುರುಳು ಹಣೆಗೆ ಅಂಟಿತ್ತು. ಸರಿಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಅವಳ ಸೋದರಮಾವನ ಸರದಿ ಬಂತು.

‘ಡಿಗ್ರಿ ಬಂದಿಲ್ಲ ಮಾವ.’

‘ಇನ್ನೊಂದ್ ಸಲ ನೋಡವ್ವ.’

ಇನ್ನೊಂದು ಸಲ ನೋಡಿದಳು. ಅಷ್ಟೇ ಇತ್ತು. ಸಾಲಿನಲ್ಲಿದ್ದವರು ಬೇರೆ ಕಡೆ ನೋಡಿದರು. ‘ಇಂಥ ಬಾಯಿಗೆ ಯಾವ ಗಂಡು ಸಿಕ್ತಾನೋ’ ಎಂದು ಮಾವ ಗೊಣಗಿದ. ಅವಳು ಇದ್ದಷ್ಟೇ ಅಂಕಿಯನ್ನು ಪುಸ್ತಕದಲ್ಲಿ ಬರೆದು, ಗಾಜಿನ ಕೊಳವೆ ತೊಳೆದು, ತಲೆ ಎತ್ತದೆ ಕರೆದಳು: ‘ಯಾರ್ ಮುಂದ್ಕೆ, ಬನ್ನಿ.’