ಕುಂತಲದ ಮಗಳು, ಕಾಶಿ ಕಡೆಯ ಸೊಸೆ

ಎ ಎಂದರೆ ಮನೆಯ ಮೇಲೆ ಬಿದ್ದ ಪೆಟ್ಟು. ಬಿ ಎಂದರೆ ಅದನ್ನು ತಡೆಯಲು ಮನೆಯವರಿಗಿರುವ ಆಸರೆ. ಸಿ ಎಂದರೆ ಆ ಪೆಟ್ಟನ್ನು ಮನೆಯವರು ಏನೆಂದು ತಿಳಿದುಕೊಂಡರು ಎಂಬುದು. ಈ ಮೂರೂ ಕೂಡಿದಾಗ ಮನೆ ಕಂಗೆಡುತ್ತದೋ ತಾಳಿಕೊಳ್ಳುತ್ತದೋ ಎಂದು ಗೊತ್ತಾಗುತ್ತದೆ. ಅದಕ್ಕೆ ಎಕ್ಸ್ ಎಂದು ಹೆಸರು. ಅಮೆರಿಕದ ಸಮಾಜಶಾಸ್ತ್ರಜ್ಞ ರೂಬೆನ್ ಹಿಲ್ 1949ರ ಪುಸ್ತಕದಲ್ಲಿ ಈ ಲೆಕ್ಕ ಕಟ್ಟುವಾಗ ಅವರ ಮುಂದಿದ್ದದ್ದು ಅಯೋವಾದ ಸೈನಿಕರ ಮನೆಗಳು. ಗಂಡ ಯುದ್ಧಕ್ಕೆ ಹೋದ, ಹೆಂಡತಿ ಹೇಗೋ ಮನೆ ನಡೆಸಿದಳು, ಕೊನೆಗೆ ಗಂಡ ತಿರುಗಿ ಬಂದ. ಅವನು ಹೋದದ್ದು ಮಾತ್ರವಲ್ಲ, ಬಂದದ್ದೂ ಮನೆಗೆ ಒಂದು ಪೆಟ್ಟೇ ಆಗಿತ್ತು ಎಂದು ಹಿಲ್ ಕಂಡುಕೊಂಡರು.

ಈ ಪಾಠ ನನ್ನ ಕಿವಿಗೆ ಬಿದ್ದದ್ದು ಸೊರಬ ತಾಲ್ಲೂಕಿನ ಜಡೆಯಲ್ಲಿ, ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ, ಮೊಬೈಲಿನ ಪರದೆಯಲ್ಲಿ. ಹಲವು ಸಂಸ್ಕೃತಿಗಳು ಕೂಡಿದ ಕುಟುಂಬಗಳ ಒತ್ತಡ ಮತ್ತು ಚೇತರಿಕೆ, ಅದು ಸೇರಿದ್ದ ಆನ್‌ಲೈನ್ ಕೋರ್ಸಿನ ವಿಷಯ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳಿಗೆ ಮತ್ತೆ ಪಾಠ ಕೇಳುವ ಚಪಲ, ಅಷ್ಟೆ. ಮೊದಮೊದಲು ಇದೆಲ್ಲ ಕೆನಡಾ, ಅಮೆರಿಕದವರ ತಾಪತ್ರಯ, ನಮಗೇಕೆ ಎಂದುಕೊಂಡೇ ಕೇಳಿದೆ. ಶಿವಮೊಗ್ಗ, ಹಾವೇರಿ, ಉತ್ತರ ಕನ್ನಡ ಮೂರೂ ಜಿಲ್ಲೆಗಳು ಹತ್ತಿರ ಬರುವ ಸೀಮೆ ನಮ್ಮದು. ಇಲ್ಲಿ ಬೆರಕೆ ಎಂಬುದು ಹಳೆಯ ಸಂಗತಿ. ಅದಕ್ಕೊಂದು ಕೋರ್ಸ್ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಆದರೆ ಈಗಿನ ಬೆರಕೆ ಬೇರೆ ಬಗೆಯದು. ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಕಡೆ ಹೆಣ್ಣುಮಕ್ಕಳು ಓದಿ ಬೆಂಗಳೂರು ಸೇರಿದರು. ತೋಟ, ಗದ್ದೆ, ವಯಸ್ಸಾದ ಅಪ್ಪ ಅಮ್ಮ ಎಂದು ಊರಲ್ಲೇ ಉಳಿದ ಗಂಡುಗಳಿಗೆ ಹೆಣ್ಣು ಸಿಗದಾಯಿತು. ಉತ್ತರದ ರಾಜ್ಯಗಳಿಂದ ಹೆಣ್ಣು ತರುವುದು ಶುರುವಾಯಿತು. ಅಂಥ ಒಂದು ಮನೆ ನನಗೆ ಚೆನ್ನಾಗಿ ಗೊತ್ತು. ಹೆಸರು ಬೇಡ. ಸೊಸೆ ಕಾಶಿಯ ಆಚೆಯ ಹಳ್ಳಿಯವಳು, ಮನೆಮಾತು ಭೋಜಪುರಿ. ಅತ್ತೆಗೆ ಕನ್ನಡ ಬಿಟ್ಟು ಬೇರೆ ಬಾರದು. ಮಗನ ಹಿಂದಿ ಲಾರಿ ಡ್ರೈವರುಗಳ ಹತ್ತಿರ ಕಲಿತದ್ದು.

ಮೊದಲ ಮಳೆಗಾಲ ಅವಳನ್ನು ಅಲ್ಲಾಡಿಸಿಬಿಟ್ಟಿತು. ವಾರಗಟ್ಟಲೆ ಬಿಸಿಲಿಲ್ಲ, ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿಸಬೇಕು, ಉಟ್ಟದ್ದಕ್ಕೆಲ್ಲ ಹೊಗೆಯ ವಾಸನೆ. ಅವಳು ಸಾಸಿವೆ ಎಣ್ಣೆ ಕಾಯಿಸಿದರೆ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಜಗಲಿಗೆ ಬರುತ್ತಿದ್ದರು. ಕನ್ನಡವನ್ನು ಅವಳು ಗಂಡನಿಂದ ಕಲಿಯಲಿಲ್ಲ, ಅತ್ತೆಯಿಂದಲೂ ಕಲಿಯಲಿಲ್ಲ. ಅಡಿಕೆ ಸುಲಿತದ ರಾತ್ರಿಗಳಲ್ಲಿ, ಬಲ್ಬಿನ ಕೆಳಗೆ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತ ಆಳುಹೆಂಗಸರಿಂದ ಕಲಿತಳು. ಹಾಗಾಗಿ ಅವಳ ಮೊದಲ ಕನ್ನಡದಲ್ಲಿ ಬೈಗುಳ ಸ್ವಲ್ಪ ಧಾರಾಳವಾಗಿತ್ತು. ಅತ್ತೆಗೆ ಮೊದಲು ಸಿಟ್ಟು, ಆಮೇಲೆ ನಗು. ಹಿಲ್ ಅವರ ಬಿ ಎಂಬ ಆಸರೆ ಮನೆಯ ಒಳಗೇ ಇರಬೇಕೆಂದಿಲ್ಲ. ಕೂಲಿಗೆ ಬಂದವರ ಜೊತೆಗೂ ಬರಬಹುದು.

ದೀಪಾವಳಿ ಕಳೆದು ಆರನೆಯ ದಿನ ಅವಳ ಕಡೆಯವರ ಛಠ್. ಉಪವಾಸವಿದ್ದು ಸಂಜೆ ನೀರಿನಲ್ಲಿ ನಿಂತು ಮುಳುಗುವ ಸೂರ್ಯನಿಗೆ ಅರ್ಘ್ಯ ಕೊಡಬೇಕು, ಮರುದಿನ ಮುಂಜಾನೆ ಹುಟ್ಟುವ ಸೂರ್ಯನಿಗೆ. ಮದುವೆಯಾದ ವರ್ಷ ಅವಳೊಬ್ಬಳೇ ಹೋಗಿ ಕೆರೆಯಲ್ಲಿ ಮೊಣಕಾಲು ಮುಳುಗುವಷ್ಟು ಇಳಿದು ನಿಂತಳು. ದನ ಹೊಡೆದುಕೊಂಡು ಬರುತ್ತಿದ್ದವರು ಗಾಬರಿಯಾದರು. ಸೊಸೆ ಕೆರೆಗೆ ಬಿದ್ದಳಂತೆ, ಮನೆಯಲ್ಲಿ ಏನೋ ಜಗಳವಂತೆ ಎಂದು ಸುದ್ದಿ ಓಡಿತು. ಅತ್ತೆ ಓಡಿ ಬಂದರು. ಕೆರೆ ದಂಡೆಯಲ್ಲಿ ಅಷ್ಟರಲ್ಲೇ ಜನ. ಅವರಿಗೆ ಛಠ್ ಎಂದರೆ ಏನೆಂದು ತಿಳಿದಿರಲಿಲ್ಲ, ಕೇಳುವ ಭಾಷೆಯೂ ಇರಲಿಲ್ಲ. ಒಂದು ಗಳಿಗೆ ನೋಡಿದರು. ಆಮೇಲೆ ಜನರ ಕಡೆ ತಿರುಗಿ, "ಎಂತ ನೋಡ್ತೀರಿ? ನಮ್ಮ ಸೊಸೆಗೆ ಸೂರ್ಯನ ವ್ರತ" ಎಂದರು.

ಮುಂದಿನ ವರ್ಷ ಅವರೇ ಜೊತೆಗೆ ಹೋದರು. ನಮ್ಮ ಕಡೆ ಭೂಮಿ ಹುಣ್ಣಿಮೆಗೆ, ಬಸುರಿಯಾದ ಗದ್ದೆಗೆ ಬಯಕೆಯ ಊಟ ಒಯ್ಯಲು, ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಬಿಳಿಯ ಚಿತ್ತಾರ ಬರೆಯುತ್ತಾರೆ. ಅದು ಭೂಮಣ್ಣಿ ಬುಟ್ಟಿ. ಹುಣ್ಣಿಮೆ ಕಳೆದು ಮೂರು ವಾರಕ್ಕೆ ಛಠ್. ಅಟ್ಟಕ್ಕೆ ಹೋಗಬೇಕಿದ್ದ ಆ ಬುಟ್ಟಿಯಲ್ಲಿ ಬಾಳೆಗೊನೆ, ಕಬ್ಬು, ತೆಂಗಿನಕಾಯಿ ಇಟ್ಟುಕೊಂಡು ಅತ್ತೆ ಸೊಸೆ ಕೆರೆಗೆ ನಡೆದರು. ಭೂಮಿಗೆ ಹೊತ್ತ ಬುಟ್ಟಿಯಲ್ಲಿ ಸೂರ್ಯನಿಗೂ ಒಯ್ಯಬಹುದು ಎಂದು ಅವರಿಗೆ ಯಾರು ಹೇಳಿಕೊಟ್ಟರು? ನನ್ನ ವಿಸ್ಮಯವೆಲ್ಲ ಅಲ್ಲಿಯೇ ನಿಂತಿದೆ. ಹಿಲ್ ಅವರ ಸಿ ಎಂಬ ಅಕ್ಷರ, ಪೆಟ್ಟಿಗೆ ಅರ್ಥ ಕೊಡುವ ಕೆಲಸ, ಪುಸ್ತಕದಲ್ಲಿ ಬಹಳ ಹೊತ್ತು ಯೋಚಿಸಿ ಮಾಡುವಂತೆ ಕಾಣುತ್ತದೆ. ಈ ಹೆಂಗಸು ಅದನ್ನು ಜನರ ಎದುರು, ತಲೆ ತಿರುಗಿಸುವಷ್ಟು ಹೊತ್ತಿನಲ್ಲಿ ಮಾಡಿ ಮುಗಿಸಿದ್ದರು.

ದೂರದ ಊರಿನ ಮನೆಗೆ ಹೆಣ್ಣು ಹೋಗುವುದು ಈ ಸೀಮೆಗೆ ಹೊಸದಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯ ಎದುರಿನ ಕಲ್ಲುಕಂಬದಲ್ಲಿ ಅದು ಕೆತ್ತಿಟ್ಟಿದೆ. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ರಚಿಸಿದ ಸಂಸ್ಕೃತ ಶಾಸನ ಅದು, ಬಿ.ಎಲ್. ರೈಸ್ 1894ರಲ್ಲಿ ಬೆಳಕಿಗೆ ತಂದರು. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಮನೆತನಗಳಿಗೆ ಕೊಟ್ಟ ಎಂದು ಶಾಸನ ಹೆಮ್ಮೆಪಡುತ್ತದೆ. ಆಗ ಇಲ್ಲಿಂದ ಉತ್ತರಕ್ಕೆ, ಈಗ ಉತ್ತರದಿಂದ ಇಲ್ಲಿಗೆ. ಆ ಹೆಣ್ಣುಮಕ್ಕಳ ಹೆಸರುಗಳನ್ನು ಮಾತ್ರ ಕಂಬ ಹೇಳುವುದಿಲ್ಲ. ವಿದರ್ಭದ ವಾಕಾಟಕರ ಬಾಲಾಘಾಟ್ ತಾಮ್ರಪಟದಲ್ಲಿ ಒಂದು ಹೆಸರಿದೆ: ನರೇಂದ್ರಸೇನನ ರಾಣಿ ಅಜ್ಝಿತಭಟ್ಟಾರಿಕೆ, ಕುಂತಲದ, ಎಂದರೆ ನಮ್ಮ ಈ ಸೀಮೆಯ, ಒಡೆಯನ ಮಗಳು. ಅವಳು ಕಾಕುಸ್ಥವರ್ಮನ ಮಗಳೇ ಇರಬೇಕೆಂದು ಹಲವು ಇತಿಹಾಸಕಾರರ ಎಣಿಕೆ. ರಾಣಿಗೂ ಮೊದಲ ಬೇಸಿಗೆ ಕಷ್ಟವಾಗಿರುತ್ತದೆ. ವಿದರ್ಭದ ಬಿಸಿಲು ಬನವಾಸಿಯವಳಿಗೆ ಸುಲಭದ್ದಲ್ಲ. ತಾಮ್ರಪಟಕ್ಕೆ ಇಂಥವೆಲ್ಲ ಬೇಕಿಲ್ಲ. ಕೋರ್ಸಿನ ಮೇಲೆ ನನಗೆ ಗೌರವ ಬಂದದ್ದು ಇಲ್ಲಿ. ರಾಜರ ಸಂಬಂಧವನ್ನಷ್ಟೇ ಬರೆದಿಟ್ಟ ಜಾಗದಲ್ಲಿ ಹೆಣ್ಣಿನ ಮೊದಲ ಬೇಸಿಗೆಯನ್ನು ಕೇಳುವ ಒಂದು ಶಾಸ್ತ್ರ ಹುಟ್ಟಿತಲ್ಲ.

ಪಾಲಿನ್ ಬಾಸ್ ಎಂಬಾಕೆಯ ಪಾಠ ಕೇಳಿದ ರಾತ್ರಿ ನಿದ್ದೆ ತಡವಾಯಿತು. ಸಾವಲ್ಲ, ಆದರೂ ಕಳೆದುಕೊಂಡದ್ದು. ಇದ್ದಾರೆ, ಆದರೆ ಇಲ್ಲಿಲ್ಲ. ಇಂಥ ಮುಗಿಯದ ಅಗಲಿಕೆಯ ಬಗ್ಗೆ ಆಕೆ ಬದುಕಿಡೀ ಕೆಲಸ ಮಾಡಿದರು. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಹೆಂಡಂದಿರಿಂದ ಅದು ಶುರುವಾಯಿತು. ಆದರೆ ಅದರ ಬೇರು ಆಕೆಯ ಮನೆಯಲ್ಲೇ ಇತ್ತು: ಸ್ವಿಟ್ಜರ್ಲೆಂಡಿನಿಂದ ವಿಸ್ಕಾನ್ಸಿನ್ನಿಗೆ ಬಂದು ನೆಲೆಸಿದ ಅಪ್ಪ, ಬಿಟ್ಟುಬಂದ ತಾಯಿಗಾಗಿ ಕೊರಗುತ್ತಿದ್ದರು. ನಮ್ಮ ಸೊಸೆಗೆ ವಿಡಿಯೋ ಕಾಲ್ ಇದೆ. ಅವಳ ಅಮ್ಮ ಅಲ್ಲಿ ಪರದೆಯಲ್ಲಿ ಮಾತಾಡುತ್ತಲೇ ಹಿಟ್ಟು ನಾದುತ್ತಾಳೆ. ಅದು ನೋವನ್ನು ಇಳಿಸುತ್ತದೋ ಏರಿಸುತ್ತದೋ, ಅವಳೇ ಬಲ್ಲಳು.

ಒಂದು ತಕರಾರು ಉಂಟು. ಚೇತರಿಸಿಕೊಳ್ಳುವ ಶಕ್ತಿಯನ್ನು ಕೋರ್ಸಿನ ಈ ಪಂಡಿತರೆಲ್ಲ ಹೊಗಳುವುದು ಹೆಚ್ಚಾಯಿತು ಅನ್ನಿಸುತ್ತದೆ. ಸೊಸೆ ಎಷ್ಟು ಚೆಂದ ಹೊಂದಿಕೊಂಡಳು ನೋಡಿ ಎಂದು ಊರು ಕೊಂಡಾಡುವಾಗ, ಹೊಂದಿಕೊಳ್ಳುವ ಹೊರೆಯೆಲ್ಲ ಒಬ್ಬಳ ತಲೆಯ ಮೇಲೆ ಬಿದ್ದದ್ದನ್ನು ಯಾರೂ ಎತ್ತುವುದಿಲ್ಲ. ಗಟ್ಟಿ ಹೆಣ್ಣು ಎಂದು ಕರೆದುಬಿಟ್ಟರೆ ಉಳಿದವರು ಕೈಕಟ್ಟಿ ಕೂರಬಹುದು. ಮನಶ್ಶಾಸ್ತ್ರಜ್ಞ ಜಾನ್ ಬೆರಿ ವಲಸಿಗರ ಮುಂದೆ ನಾಲ್ಕು ದಾರಿ ಗುರುತಿಸುತ್ತಾರೆ: ತನ್ನದನ್ನು ಬಿಟ್ಟು ಹೊಸದನ್ನು ಹಿಡಿಯುವುದು, ತನ್ನದನ್ನೇ ಹಿಡಿದು ದೂರ ಉಳಿಯುವುದು, ಎರಡನ್ನೂ ಇಟ್ಟುಕೊಳ್ಳುವುದು, ಎರಡೂ ಕೈತಪ್ಪುವುದು. ಎರಡನ್ನೂ ಇಟ್ಟುಕೊಳ್ಳಲು ಎದುರಿನ ಸಮಾಜವೂ ಜಾಗ ಕೊಡಬೇಕು ಎನ್ನುತ್ತಾರೆ ಅವರು. ಸಾವಿರಾರು ಜನ ವಲಸೆ ಬಂದಾಗ ಒಂದು ಕೇರಿಯಾಗುತ್ತದೆ, ಅಂಗಡಿಯಾಗುತ್ತದೆ. ನಮ್ಮ ಸೊಸೆಯದು ಒಬ್ಬಳ ವಲಸೆ. ಎದುರಿನ ಸಮಾಜ ಎಂದರೆ ಒಂದು ಅಡಿಗೆಮನೆ. ಅಲ್ಲಿ ಸಾಸಿವೆ ಎಣ್ಣೆಯ ಬಾಟಲಿಗೆ ಜಾಗ ಸಿಗುತ್ತದೋ ಇಲ್ಲವೋ ಎಂಬುದರಲ್ಲಿ ಬೆರಿಯವರ ಸಿದ್ಧಾಂತವೆಲ್ಲ ಅಡಗಿದೆ.

ಜಾಗ ಕೊಡುವುದು ಈ ನೆಲಕ್ಕೆ ಬಾರದ ವಿದ್ಯೆಯಲ್ಲ. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ಓದಿದವರಿಗೆ ಗೊತ್ತು. ಆ ಮಠ ವೇದ, ವ್ಯಾಕರಣ ಹೇಳಿಕೊಡುವ ಸ್ಥಳವಾಗಿತ್ತು. ಜೊತೆಗೆ ನಾನಾ ದೇಶದ, ನಾನಾ ಮತದ ಭಿಕ್ಷುಗಳಿಗೆ, ಕುಂಟರಿಗೆ, ಕುರುಡರಿಗೆ ಊಟ ಹಾಕುವ, ರೋಗಿಗಳಿಗೆ ಮದ್ದು ಕೊಡುವ ಮಠ. ಇತ್ತ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲ ಉಂಟು, ಸಿದ್ದಿ ಎಂಬ ನಂಟೂ ಉಂಟು.

ಕೋರ್ಸಿನಲ್ಲಿ ನನಗೆ ತೀರ ಹಿಡಿಸಿದ್ದು ಹವಾಯಿಯ ಕವಾಯಿ ದ್ವೀಪ. ಕಬ್ಬಿನ ತೋಟದ ಕೂಲಿಗೆಂದು ಜಪಾನ್, ಫಿಲಿಪ್ಪೀನ್ಸ್ ಮುಂತಾದ ಕಡೆಯಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಸ್ಥಳೀಯರೊಡನೆ ಬೆರೆತಿದ್ದರು. 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ನಲವತ್ತರ ವಯಸ್ಸಿನವರೆಗೂ ಬೆನ್ನುಹತ್ತಿ ನೋಡಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದು ಹಾಳಾಗಿಯೇ ಹೋಗುತ್ತಾರೆ ಎನ್ನುವಂತಿದ್ದ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲು ನೆಟ್ಟಗೆ ಬೆಳೆದಿದ್ದರು. ಅಂಥ ಮಕ್ಕಳಿಗೆ ಅಪ್ಪ ಅಮ್ಮನೇ ಆಗಬೇಕೆಂದಿಲ್ಲ, ಗಟ್ಟಿಯಾಗಿ ನಿಂತ ಯಾರೋ ಒಬ್ಬರು ಸಿಕ್ಕಿರುತ್ತಿದ್ದರು: ಅಜ್ಜಿ, ಅಕ್ಕ, ನೆರೆಯವರು, ಒಬ್ಬ ಟೀಚರು. ದೊಡ್ಡ ದೊಡ್ಡ ಕಾರಣ ಹುಡುಕಹೊರಟ ವಿಜ್ಞಾನ ಕೊನೆಗೆ ಒಬ್ಬ ಅಜ್ಜಿಯ ಮುಂದೆ ಬಂದು ನಿಂತದ್ದು ನನಗೆ ಕೆರೆಯಲ್ಲಿ ಕಂಡದ್ದಕ್ಕಿಂತ ಕಡಿಮೆ ಬೆರಗೇನಲ್ಲ.

ಆ ಮನೆಗೀಗ ಒಂದು ಮಗು. ಅಜ್ಜಿಯ ಜೊತೆ ಕನ್ನಡ, ಫೋನಿನಲ್ಲಿ ನಾನಿಯ ಜೊತೆ ಭೋಜಪುರಿ, ಜಗಳಕ್ಕೆ ಎರಡೂ. ಈ ಸಲ ಶಾಲೆಗೆ ಸೇರಿಸಲು ಹೋದಾಗ ಅರ್ಜಿಯಲ್ಲಿ ಮಾತೃಭಾಷೆ ಎಂಬ ಕಡೆ ಪೆನ್ನು ನಿಂತಿತು. ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಅತ್ತೆಯ ಮುಖ ನೋಡಿದಳು. "ಎರಡೂ ಬರೀರಿ ಮೇಷ್ಟ್ರೆ, ಜಾಗ ಸಾಲದಿದ್ರೆ ಸಣ್ಣದಾಗಿ ಬರೀರಿ" ಎಂದರು ಅತ್ತೆ. ಮೇಷ್ಟ್ರು ಕಾಗದದಲ್ಲಿ ಎರಡನ್ನೂ ಬರೆದುಕೊಂಡರು. ಕಂಪ್ಯೂಟರು ಮಾತ್ರ ಒಂದನ್ನೇ ತೆಗೆದುಕೊಳ್ಳುತ್ತದಂತೆ.