ಗರ ಬೀಳುವುದು ಯಾರ ತಪ್ಪು?

ಕಳೆದ ದೀಪಾವಳಿಗೆ ಬಂದಿದ್ದ ಮಗಳ ಮಗಳು ಮೂರು ದಿನವೂ ಪುಸ್ತಕ ಬಿಟ್ಟು ಏಳಲಿಲ್ಲ. ಬೆಂಗಳೂರಿನಲ್ಲಿ ಡೇಟಾ ಸೈನ್ಸ್ ಓದುತ್ತಿದ್ದಾಳೆ. "ಅದೇನು ಪುಟ್ಟಿ, ಹಬ್ಬದ ದಿನವೂ ತಲೆಬಿಸಿ?" ಎಂದರೆ, "ರ್‍ಯಾಂಡಮ್ ವೇರಿಯಬಲ್ ಅಜ್ಜಿ" ಎಂದಳು. ಕನ್ನಡದಲ್ಲಿ ಯಾದೃಚ್ಛಿಕ ಚರ ಎನ್ನುತ್ತಾರಂತೆ. ನನಗೆ ಎರಡೂ ಒಂದೇ, ಎರಡೂ ಅರ್ಥವಾಗಲಿಲ್ಲ. ಅವಳು ನಗುತ್ತಾ, "ನಿನ್ನ ಚೌಕಾಬಾರದ ಕವಡೆ ತಾ, ತೋರಿಸ್ತೀನಿ" ಎಂದಳು.

ನಮ್ಮ ಅತ್ತೆಯವರ ಕಾಲದ ನಾಲ್ಕು ಕವಡೆಗಳು. ಒಂದೊಂದಕ್ಕೂ ಎರಡೇ ದಾರಿ, ಅಂಗಾತ ಇಲ್ಲವೇ ಬೋರಲು. ನಾಲ್ಕೂ ಸೇರಿದರೆ ಬೀಳಬಹುದಾದ ಬಗೆ 16. ಹೇಗೆ ಬೀಳುತ್ತದೆಂದು ಮೊದಲೇ ಹೇಳಲಾಗದು. ಆದರೆ ಬಿದ್ದ ಬಗೆಗೆ ಒಂದು ಸಂಖ್ಯೆ ಕಟ್ಟುತ್ತೇವಲ್ಲ, ನಾವು ಗರ ಅನ್ನುತ್ತೇವಲ್ಲ, ಅದೇ ಅವಳ ಯಾದೃಚ್ಛಿಕ ಚರ. ಅಂಗಾತ, ಬೋರಲು ಎರಡೂ ಸಮಸಮ ಎಂದಿಟ್ಟುಕೊಂಡರೆ ಆ 16ರಲ್ಲಿ ಒಂದು ಬೀಳಲು 4 ಬಗೆ, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ ಒಂದೇ, ಎಲ್ಲ ಬೋರಲಾಗಿ ಎಂಟು ಬೀಳುವ ಬಾರಕ್ಕೂ ಒಂದೇ. ಒಟ್ಟು ಸರಾಸರಿ ಎರಡೂವರೆ. ಎರಡೂವರೆ ಗರ ಯಾರಿಗೂ ಎಂದೂ ಬಿದ್ದಿಲ್ಲ, ಆದರೂ ಲೆಕ್ಕ ಸುಳ್ಳಲ್ಲ!

ಚಾಪೆಯ ಮೇಲೆ ಬಿದ್ದ ಆ ನಾಲ್ಕು ಕವಡೆ ನೋಡುತ್ತಾ ನನ್ನ ಮನಸ್ಸು ಎಲ್ಲೋ ಹೋಯಿತು. ನನಗೆ ಮೂರು ಹೆಣ್ಣುಮಕ್ಕಳು. ಮೂರನೆಯವಳು ಹುಟ್ಟಿದಾಗ ಅತ್ತೆಯವರು ತೊಟ್ಟಿಲ ಬಳಿ ನಿಂತು, "ನಿನ್ನ ಹೊಟ್ಟೆಯ ಗುಣವೇ ಅಷ್ಟು" ಅಂದಿದ್ದರು. ಕೆಟ್ಟವರಲ್ಲ. ಬಾಣಂತನವನ್ನು ಅವರೇ ಅಚ್ಚುಕಟ್ಟಾಗಿ ಮಾಡಿದರು. ಆದರೆ ಆ ಮಾತು ಖಾರದ ಪುಡಿಯ ಹಾಗೆ ಕಣ್ಣಿನಲ್ಲಿ ಉಳಿಯಿತು. ನಾಲ್ಕು ದಶಕ ಅದನ್ನು ನಾನೂ ನಂಬಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

"ಮೂರೂ ಹೆಣ್ಣೇ ಆಗುವುದು ಎಷ್ಟು ಅಪರೂಪ ಕಣೇ?" ಎಂದು ಮೊಮ್ಮಗಳನ್ನು ಕೇಳಿದೆ. "ಮೂರು ಮಕ್ಕಳಿರುವ ಎಂಟು ಮನೆಗಳಲ್ಲಿ ಒಂದು ಮನೆಗೆ, ಹೆಚ್ಚೂಕಡಿಮೆ" ಎಂದಳು. ಎಂಟರಲ್ಲಿ ಒಂದು! ನಮ್ಮ ಬೀದಿಯಲ್ಲೇ ಅಂಥ ಮನೆ ಎರಡಿದ್ದವು. ಶಾಪವೂ ಅಲ್ಲ, ಗುಣವೂ ಅಲ್ಲ, ಬರೀ ಎಂಟರಲ್ಲೊಂದು.

ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವ ವರ್ಣತಂತು ತಂದೆಯಿಂದ ಬರುತ್ತದೆ ಎಂದು ಈಗ ಶಾಲೆಯ ಮಕ್ಕಳಿಗೂ ಗೊತ್ತು. 1905ರಲ್ಲಿ ಹಿಟ್ಟಿನ ಹುಳುಗಳನ್ನು ಪರೀಕ್ಷಿಸಿ ಇದರ ಸುಳಿವು ಕೊಟ್ಟವಳು ಅಮೆರಿಕದ ಒಬ್ಬ ಹೆಣ್ಣುಮಗಳು, ನೆಟ್ಟಿ ಸ್ಟೀವನ್ಸ್. ಹಾಗಾದರೆ ತಪ್ಪು ನಮ್ಮ ಯಜಮಾನರದು ಎಂದು ಬೀಗಲೇ? ಪಾಪ, ಆ ಕವಡೆ ಅವರ ಮುಷ್ಟಿಯಲ್ಲೂ ಇರಲಿಲ್ಲ.

"ಮೂರು ಹೆಣ್ಣಾದ ಮೇಲೆ ನಾಲ್ಕನೆಯದು ಗಂಡೇ" ಎಂದು ಧೈರ್ಯ ಹೇಳಿದ ನೆರೆಯವರೂ ಇದ್ದರು. ಅದೂ ತಪ್ಪೇ. ಹಿಂದಿನ ಆಟದಲ್ಲಿ ಏನು ಬಿತ್ತೆಂಬ ಲೆಕ್ಕವನ್ನು ಕವಡೆ ಇಟ್ಟುಕೊಂಡು ಕೂತಿರುವುದಿಲ್ಲ. ನಾಲ್ಕನೆಯ ಸಲವೂ ಮತ್ತೆ ಅರ್ಧಕ್ಕರ್ಧವೇ.

ಇಷ್ಟು ತಿಳಿದು ಎದೆ ಹಗುರವಾಯಿತು. ಯಾರ ತಪ್ಪೂ ಇಲ್ಲ ಎಂದು ಏಳುವವಳಿದ್ದೆ. ಆದರೆ ಮೊಮ್ಮಗಳ ಮಾತು ಮುಗಿದಿರಲಿಲ್ಲ. "ಒಂದು ಗರ ನೋಡಿ ಏನೂ ಹೇಳೋಕಾಗಲ್ಲ ಅಜ್ಜಿ. ಸಾವಿರ ಗರ ನೋಡಿದರೆ ಕವಡೆಯ ಬಂಡವಾಳ ಗೊತ್ತಾಗತ್ತೆ" ಎಂದಳು. ಒಂದು ಕವಡೆಗೆ ಯಾರಾದರೂ ಅರಗು ತುಂಬಿದ್ದರೆ ಒಂದೆರಡು ಆಟದಲ್ಲಿ ತಿಳಿಯದು. ದಿನವಿಡೀ ಆಡಿದರೆ ಮೋಸ ತಾನಾಗಿ ಬಯಲಾಗುತ್ತದೆ.

ಹುಟ್ಟಿನ ಲೆಕ್ಕವನ್ನು ಹೀಗೆ ನೋಡಿದವರು ಹಿಂದೆಯೇ ಇದ್ದರು. ಜಾನ್ ಆರ್ಬತ್‌ನಾಟ್ ಎಂಬ ವೈದ್ಯ ಲಂಡನ್ನಿನ ಚರ್ಚುಗಳಲ್ಲಿ ನಾಮಕರಣವಾದ ಮಕ್ಕಳ ದಾಖಲೆಯನ್ನು 1629ರಿಂದ 1710ರವರೆಗೆ ತೆಗೆದು ನೋಡಿದ. 82 ವರ್ಷವೂ, ಒಂದು ವರ್ಷವೂ ತಪ್ಪದೆ, ಗಂಡುಮಕ್ಕಳೇ ತುಸು ಹೆಚ್ಚು. ಇದು ಆಕಸ್ಮಿಕವಾಗಿರಲಾರದು, ದೇವರ ಏರ್ಪಾಡು ಎಂದ. ಹುಟ್ಟುವಾಗ ಗಂಡು ಸ್ವಲ್ಪ ಹೆಚ್ಚೆಂಬುದು ನಿಜವೇ. ಸುಮಾರು 1000 ಗಂಡಿಗೆ 950 ಹೆಣ್ಣು. ಅದು ಪ್ರಕೃತಿಯ ಗರ.

ಇನ್ನು ನಮ್ಮ ಜನಗಣತಿ. ಆರು ವರ್ಷದೊಳಗಿನ ಮಕ್ಕಳಲ್ಲಿ 1000 ಗಂಡಿಗೆ 1991ರಲ್ಲಿ 945 ಹೆಣ್ಣಿದ್ದದ್ದು, 2001ರಲ್ಲಿ 927ಕ್ಕೆ ಇಳಿಯಿತು. ಹತ್ತೇ ವರ್ಷದಲ್ಲಿ ಪ್ರಕೃತಿ ಮನಸ್ಸು ಬದಲಿಸಿತೇ? ಇಲ್ಲ. ಯಾರೋ ಕವಡೆಗೆ ಅರಗು ತುಂಬಿದ್ದರು.

ಆ ಅಂಕಿ ಕೇಳಿ ನಾನು ಸುಮ್ಮನಾದೆ. 1991ರಲ್ಲಿ ನನ್ನ ಓರಗಿತ್ತಿ ಬಸುರಿಯಾಗಿದ್ದಳು. ಮೊದಲಿಬ್ಬರೂ ಹೆಣ್ಣು. ಜಿಲ್ಲಾ ಕೇಂದ್ರಕ್ಕೆ 'ಸ್ಕ್ಯಾನಿಂಗ್' ಎಂದು ಹೋದವರು ನಾಲ್ಕು ದಿನ ಬಿಟ್ಟು ಬಂದರು. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. "ನಿಲ್ಲಲಿಲ್ಲ" ಎಂದರು ಅತ್ತೆ. ನಾನು ಗಂಜಿ ಮಾಡಿ ಕೊಟ್ಟೆ. ಏನೂ ಕೇಳಲಿಲ್ಲ. ಎರಡು ವರ್ಷದ ಮೇಲೆ ಅವಳಿಗೆ ಗಂಡಾಯಿತು, ದೇವರು ಹರಕೆಗೆ ಒಲಿದ ಎಂದರು. ಹೋಳಿಗೆಯ ಹೂರಣ ರುಬ್ಬಿದವಳು ನಾನೇ. ಲಿಂಗಪತ್ತೆಯನ್ನು ನಿಷೇಧಿಸುವ ಕಾನೂನು ಬಂದದ್ದು ಆಮೇಲೆ, 1994ರಲ್ಲಿ. ಆದರೆ ಕಾನೂನು ಇರಲಿಲ್ಲವಲ್ಲ ಎಂದು ನಾನು ಹೇಗೆ ನುಣುಚಿಕೊಳ್ಳಲಿ?

ಅವಳೊಬ್ಬಳ ಮನೆ ನೋಡಿ ಯಾರೂ ಏನನ್ನೂ ಸಾಧಿಸಲಾರರು. ಎರಡು ಹೆಣ್ಣು, ಒಂದು ಗಂಡು, ಎಲ್ಲ ಮನೆಗಳಲ್ಲೂ ಇರುವಂಥದೇ. ನಮ್ಮ ಮೌನಕ್ಕೆ ಅದೇ ಆಸರೆ. ಆದರೆ ಹಾಗೆ ಸುಮ್ಮನಿದ್ದ ಮನೆಗಳೆಲ್ಲ ಒಂದು ಪುಟದಲ್ಲಿ ಕೂಡಿದಾಗ ಮುಚ್ಚಿಡಲಾಗುವುದಿಲ್ಲ. ಆ ಕಡಿಮೆಯಾದ ಸಂಖ್ಯೆಯಲ್ಲಿ ನಮ್ಮ ಮನೆಯದೂ ಒಂದಿದೆ.

ನನಗೆ ತಪ್ಪೆಂದು ಹೊರಿಸಿದ್ದು ನನ್ನ ತಪ್ಪಾಗಿರಲಿಲ್ಲ. ದೈವವೆಂದು ನಾನು ಬಿಟ್ಟದ್ದು ದೈವವಾಗಿರಲಿಲ್ಲ. ಕೈಮೀರಿದ್ದಕ್ಕೆ ಒಬ್ಬರನ್ನೊಬ್ಬರು ದೂರಿಕೊಂಡೆವು, ಕೈಯಾರೆ ಮಾಡಿದ್ದಕ್ಕೆ ಹಣೆಬರಹ ಎಂದೆವು. ಲೆಕ್ಕ ಓದಿದ ಹುಡುಗಿ ಇವೆರಡನ್ನೂ ಬೇರೆ ಮಾಡಿ ಚಾಪೆಯ ಮೇಲೆ ಇಟ್ಟಳು.

ಹಬ್ಬ ಮುಗಿದು ಹೊರಡುವಾಗ ಕವಡೆಗಳನ್ನು ಅವಳ ಚೀಲದಲ್ಲಿ ಹಾಕಿದೆ. ಮರುದಿನ ಓರಗಿತ್ತಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, "ಆ ವರ್ಷ ನಾನು ನಿನ್ನನ್ನು ಏನೂ ಕೇಳಲಿಲ್ಲ ಕಣೇ" ಎಂದೆ. ಯಾವ ವರ್ಷ ಎಂದು ಅವಳು ಕೇಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಅಕ್ಕ, ನೀವು ಕೊಟ್ಟ ಗಂಜಿ ನೆನಪಿದೆ" ಎಂದಳು.